ಮಳೆಗಾಲದಲ್ಲಿ ದಿನಕ್ಕೊಂದು ಫೋಟೊ: ಅಂಗಳ, ತೋಟ, ಅಡುಗೆಮನೆ ದಾಟದೆ
(ಚರ್ಚೆ: ಪ್ರತಿ ಮಾತಿನ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು)

ಅಂಗಳದ ತುಳಸಿ
ಮೃಗಶಿರಾ ಮಳೆ ಹಿಡಿದ ದಿನದಿಂದ ಆಶ್ವೀಜ ಮಾಸದ ಭೂಮಿ ಹುಣ್ಣಿಮೆವರೆಗೆ ದಿನಕ್ಕೆ ಒಂದೇ ಒಂದು ಫೋಟೊ ತೆಗೆಯುವ ಯೋಚನೆ ಇದೆ. ಊರು ತೀರ್ಥಹಳ್ಳಿ ತಾಲ್ಲೂಕು, ಕೈಲಿರುವುದು ಫೋನ್ ಮಾತ್ರ. ಆಗುಂಬೆ ಸೂರ್ಯಾಸ್ತ, ಜೋಗ, ಕೊಡಚಾದ್ರಿ ಬೇಡ. ಮನೆ, ಅಂಗಳ, ತೋಟ, ಬಸ್ಸಿಗೆ ಹೋಗುವ ದಾರಿ ಇಷ್ಟರೊಳಗೆ ಆ ದಿನ ಮನಸ್ಸಿಗೆ ಹಿತ ಕೊಟ್ಟ ಒಂದನ್ನು ಹಿಡಿಯಬೇಕು. ತೊಡಕು ಮೂರು. ಬೆಳಕು ಬೆಳಗಿನಿಂದ ಸಂಜೆವರೆಗೆ ಬೂದು. ಧೋ ಎಂದು ಸುರಿಯುವ ಮಳೆ ಫೋಟೊದಲ್ಲಿ ಕಾಣುವುದೇ ಇಲ್ಲ. ಹದಿನೈದು ದಿನಕ್ಕೆ ತೆಗೆಯಲು ಏನೂ ಉಳಿಯುವುದಿಲ್ಲ. ತಿಳಿದವರು ವಿವರವಾಗಿ ಹೇಳಿ.

ತುಂಗೆಯ ದಂಡೆ
ಬೂದು ಬೆಳಕು ತೊಡಕಲ್ಲ, ಮಲೆನಾಡಿನ ಮಳೆಗಾಲದ ಆಸ್ತಿ ಅದು. ಮೋಡ ಎಂದರೆ ಆಕಾಶದಗಲ ಕಟ್ಟಿದ ಪರದೆ. ಬಿಸಿಲಿನಲ್ಲಿ ಎಲೆಯ ಮೇಲೆ ಬಿಳಿ ಕಲೆ ಬಿದ್ದು ಹಸಿರು ಸತ್ತುಹೋಗುತ್ತದೆ. ಮೋಡದ ದಿನ ಕೆಸುವಿನ ಎಲೆಯ ನರ, ಪಾಗಾರದ ಪಾಚಿ, ನೆನೆದ ಹೆಂಚಿನ ಕೆಂಪು ಎಲ್ಲ ತಮ್ಮ ನಿಜ ಬಣ್ಣದಲ್ಲಿರುತ್ತವೆ.

ಕೆಡುವುದು ಎರಡು ಕಡೆ. ಮೊದಲನೆಯದು ಆಕಾಶ. ಮೋಡದ ಆಕಾಶ ನೆಲಕ್ಕಿಂತ ಹಲವು ಪಟ್ಟು ಬೆಳ್ಳಗಿರುತ್ತದೆ. ಅದರ ಒಂದು ಪಟ್ಟಿ ಚೌಕಟ್ಟಿನೊಳಗೆ ಬಂದರೂ ಫೋನು ಅದನ್ನು ಉಳಿಸಲು ಹೋಗಿ ತೋಟವನ್ನೆಲ್ಲ ಕಪ್ಪು ಮಾಡುತ್ತದೆ, ಇಲ್ಲವೇ ಎಚ್‌ಡಿಆರ್ ಹಾಕಿ, ಅಂದರೆ ಬೇರೆ ಬೇರೆ ಬೆಳಕಿನ ಚಿತ್ರಗಳನ್ನು ಬೆರೆಸಿ, ಎರಡನ್ನೂ ಪೇಲವ ಮಾಡುತ್ತದೆ. ಫೋನನ್ನು ತುಸು ಕೆಳಗೆ ಬಾಗಿಸಿ, ಆಕಾಶವನ್ನು ಪೂರ್ತಿ ಬಿಟ್ಟುಬಿಡಿ. ಮಳೆಗಾಲದ ಫೋಟೊಗಳಲ್ಲಿ ಅರ್ಧಕ್ಕರ್ಧ ಇದೊಂದರಿಂದಲೇ ಸುಧಾರಿಸುತ್ತವೆ.

ಎರಡನೆಯದು ಬೆಳಕಿನ ಅಳತೆ. ಎದುರಿಗಿರುವುದು ಒಟ್ಟಾರೆ ನಡುಬೂದು ಬಣ್ಣದ್ದು ಎಂಬ ಲೆಕ್ಕದಲ್ಲೇ ಫೋನು ಅಳೆಯುತ್ತದೆ. ಹಾಗಾಗಿ ಮಂಜು ಮುಚ್ಚಿದ ಗದ್ದೆ ಬೆಳ್ಳಗೆ ಬರದೆ ಕೊಳಕು ಬೂದಾಗುತ್ತದೆ. ಪರದೆಯ ಮೇಲೆ ಬೆರಳೊತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದು ಮಂಜಿಗೆ +0.7ರಿಂದ +1ರವರೆಗೆ ಕೊಡಿ. ನೆನೆದು ಕಪ್ಪಾದ ಅಡಿಕೆ ಮರ, ಕರಿ ಎಮ್ಮೆ, ಬಚ್ಚಲ ಹಂಡೆ ಇವಕ್ಕೆ ಉಲ್ಟಾ, −0.7. ಇಳಿಸದಿದ್ದರೆ ಎಮ್ಮೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ಮೋಡದ ಬೆಳಕಿಗೂ ದಿಕ್ಕು ಇರುತ್ತದೆ. ನಡು ಅಂಗಳದಲ್ಲಿ ಅದು ನೆತ್ತಿಯಿಂದ ಸುರಿದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಜಗಲಿಗೆ ಬಂದು ಅಂಚಿನಿಂದ ಒಂದೂವರೆ ಮೀಟರ್ ಒಳಗೆ ವಸ್ತುವನ್ನು ಇಡಿ, ನೀವು ಅಂಗಳಕ್ಕೆ ಅಡ್ಡವಾಗಿ ನಿಲ್ಲಿ. ಬೆಳಕು ಒಂದೇ ಪಕ್ಕದಿಂದ ಬರುತ್ತದೆ, ತಾಮ್ರದ ಚೊಂಬಿಗೂ ಅಜ್ಜಿಯ ಕೈಗೂ ದುಂಡು ಬರುತ್ತದೆ.

ಗೊರಬು
ಮಳೆ ಕಾಣದೇ ಇರೋದಕ್ಕೆ ಹೆಚ್ಚಾಗಿ ಹಿನ್ನೆಲೆಯೇ ಕಾರಣ. ಹನಿ ಬೆಳ್ಳಗೆ, ಹಿಂದಿರುವ ಆಕಾಶವೂ ಬೆಳ್ಳಗೆ, ಕಾಣೋದು ಹೇಗೆ? ಹಿಂದೆ ಕಪ್ಪು ಬೇಕು. ತೆರೆದ ಕೊಟ್ಟಿಗೆ ಬಾಗಿಲಿನ ಕತ್ತಲೆ, ದಟ್ಟ ಮಾವಿನ ಮರ, ನೆನೆದ ಕಲ್ಲುಗೋಡೆ. ಬೆಳಕು ಹನಿಯ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು. ಮಾಡಿನ ಅಂಚಿಂದ ಇಳಿಯುವ ನೀರಿನ ಸಾಲು ಇದಕ್ಕೆ ಹೇಳಿಮಾಡಿಸಿದ್ದು: ಜಗಲಿ ಒಳಗೆ ಒಣಗಿದ ಜಾಗದಲ್ಲಿ ನಿಂತು, ಎದುರಿನ ಕೊಟ್ಟಿಗೆಯ ಕತ್ತಲನ್ನು ಹಿಂದೆ ಇಟ್ಟುಕೊಂಡರೆ ಸಾಕು.

ಆಮೇಲೆ ಶಟರ್ ವೇಗ, ಅಂದ್ರೆ ಫೋನು ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡತ್ತೆ ಅನ್ನೋದು. ದೊಡ್ಡ ಹನಿ ಸೆಕೆಂಡಿಗೆ 7ರಿಂದ 9 ಮೀಟರ್ ಬೀಳತ್ತೆ. 1/60 ಸೆಕೆಂಡ್ ಇಟ್ಟರೆ ಅಷ್ಟರಲ್ಲಿ ಹನ್ನೆರಡು ಸೆಂಟಿಮೀಟರ್ ಇಳಿದಿರತ್ತೆ, ಅದು ಗೆರೆಯಾಗಿ ಬರತ್ತೆ. 1/1000 ಇಟ್ಟರೆ ಒಂದು ಸೆಂಟಿಮೀಟರೂ ಇಲ್ಲ, ಚುಕ್ಕೆ ಆಗತ್ತೆ. ಮಳೆ ಸುರಿಯುತ್ತಿದೆ ಅನ್ನಿಸಬೇಕಿದ್ರೆ 1/60ರಿಂದ 1/125. ಅಂಗಳದ ಗುಂಡಿಯಲ್ಲಿ ಹನಿ ಬಿದ್ದು ನೀರು ಕಿರೀಟದ ಹಾಗೆ ಏಳೋದು ಬೇಕಿದ್ರೆ 1/1000 ಅಥವಾ ಇನ್ನೂ ಜಾಸ್ತಿ ವೇಗ, ಅದೂ ಬೆಳಕು ಚೆನ್ನಾಗಿರುವ ಮಧ್ಯಾಹ್ನ.

ಫೋನಿನ ಅಪರ್ಚರ್, ಅಂದ್ರೆ ಬೆಳಕು ಬರುವ ಕಂಡಿ, ಸಾಮಾನ್ಯವಾಗಿ ಬದಲಾಗಲ್ಲ. ಕೈಗೆ ಸಿಗೋದು ಶಟರ್ ಮತ್ತು ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಒ ಎರಡೇ. ಇವನ್ನು ಕೈಯಾರೆ ಇಡಲು ಬಿಡುವ ಪ್ರೊ ಮೋಡ್ ಇದ್ರೆ ಅದರಲ್ಲಿ ಶಟರ್ 1/60ಕ್ಕೆ ಕಟ್ಟಿ, ಐಎಸ್‌ಒ 100ರಿಂದ 200ರಲ್ಲಿಟ್ಟು ನೋಡಿ, ಕಪ್ಪಾದ್ರೆ ಐಎಸ್‌ಒ ಏರಿಸಿ. ಪ್ರೊ ಮೋಡ್ ಇಲ್ಲದ ಆಂಡ್ರಾಯ್ಡ್ ಫೋನಾದ್ರೆ ಓಪನ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಪ್ರಯತ್ನಿಸಿ, ಹೆಚ್ಚಿನ ಫೋನುಗಳಲ್ಲಿ ಇದೆಲ್ಲ ಸಿಗತ್ತೆ. ನೈಟ್ ಮೋಡ್, ಎಚ್‌ಡಿಆರ್ ಎರಡೂ ಆರಿಸಿ. ಅವು ಹಲವಾರು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸುತ್ವೆ. ಒಂದು ಚಿತ್ರದಲ್ಲಿದ್ದ ಹನಿ ಇನ್ನೊಂದರಲ್ಲಿ ಇರಲ್ಲವಲ್ಲ, ಚಿತ್ರಕ್ಕೆ ಬೇಡದ ಕಲೆ ಅಂತ ತಿಳಿದು ಅಳಿಸಿಬಿಡುತ್ವೆ. ಮಳೆ ಮಾಯ ಆಗೋದಕ್ಕೆ ಇದು ದೊಡ್ಡ ಕಾರಣ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಸೋನೆ ಮಳೆಗೆ ಮಾತ್ರ ಇದ್ಯಾವುದೂ ನಡೆಯಲ್ಲ. ಅದರ ಹನಿ ತೀರಾ ಸಣ್ಣ, ನಿಧಾನ, ಗೆರೆ ಬರಲ್ಲ. ಸೋನೆಯನ್ನು ಅದು ಕೂತ ಜಾಗದಲ್ಲಿ ಹುಡುಕಬೇಕು: ಜೇಡರ ಬಲೆ, ಕಂಬಳಿ ಕೊಪ್ಪೆಯ ರೋಮ, ಬೇಲಿ ತಂತಿಯ ಕೆಳಅಂಚು, ದನದ ಬೆನ್ನು.

ಸೋನೆ ಹೊಸನಗರ
ಮೂರನೇ ತೊಡಕಿಗೆ ಬರುತ್ತೇನೆ. ಹದಿನೈದು ದಿನಕ್ಕೆ ವಿಷಯ ಮುಗಿಯುವುದು ದಿನಾ ಹೊಸ ವಸ್ತು ಹುಡುಕುವುದರಿಂದ. ಮನೆಯ ಸುತ್ತ ಇರುವ ವಸ್ತುಗಳು ಎಣಿಕೆಯವು, ಅವುಗಳ ಮೇಲೆ ಬೀಳುವ ಬೆಳಕು, ನೀರು, ಹೊತ್ತು ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ ಮಳೆ ನಕ್ಷತ್ರಗಳನ್ನೇ ಅಧ್ಯಾಯ ಮಾಡಿಕೊಳ್ಳಿ. ಒಂದೊಂದು ಸುಮಾರು ಹದಿನಾಲ್ಕು ದಿನ. ಮೃಗಶಿರಾ ಜೂನ್ 8ರ ಹೊತ್ತಿಗೆ, ಆರಿದ್ರಾ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ, ಮಘಾ 17ಕ್ಕೆ ಹುಟ್ಟುತ್ತವೆ. ಒಂದು ದಿನ ಹಿಂದೆ ಮುಂದೆ ಆಗಬಹುದು, ಗೋಡೆಯ ಪಂಚಾಂಗ ನೋಡಿ.

ಒಂದೊಂದು ಮಳೆಗೆ ಒಂದೊಂದು ಗಮನ ಕೊಡಿ. ಮೃಗಶಿರಾದಲ್ಲಿ ಬದಲಾವಣೆ: ಒಣಗಿದ ಕಟ್ಟೆಗೆ ಪಾಚಿ ಮರಳುವುದು, ಅಂಗಳದ ಧೂಳು ಕೆಸರಾಗುವುದು, ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಗೊನೆಗಳಿಗೆ ಹತ್ತುವ ನೀಲಿ. ಆರಿದ್ರಾದಲ್ಲಿ ನೀರು ಹರಿಯುವ ದಾರಿ: ದಬ್ಬೆ ಹಾಸಿದ ಕಾಲುಸೇತುವೆ ಅಂದರೆ ಸಂಕ, ಮಾಡಿನ ಅಂಚು, ತೋಟದಲ್ಲಿ ಕಪ್ಪು ಎನ್ನುವ ಬಸಿಗಾಲುವೆ. ಪುನರ್ವಸುವಿನಲ್ಲಿ ಬೆಂಕಿ: ಒಲೆ, ಹಲಸಿನ ಹಪ್ಪಳ ಕರಿಯುವುದು, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆ. ಪುಷ್ಯದಲ್ಲಿ ಕೈಗಳು: ನಾಟಿ, ಕಳಲೆ ಹೆಚ್ಚುವುದು, ಪತ್ರೊಡೆಗೆ ಎಲೆ ಸುತ್ತುವುದು. ಆಶ್ಲೇಷಕ್ಕೆ ಸಣ್ಣ ಜೀವಗಳು. ಮಘಾಕ್ಕೆ ಹೊಳವು, ಅಂದರೆ ಮಳೆ ಬಿಟ್ಟ ಆ ಹತ್ತು ನಿಮಿಷ.

ಇದರ ಜೊತೆಗೆ ಒಂದು ಜಾಗವನ್ನು ಗೊತ್ತು ಮಾಡಿ. ತುಳಸಿಕಟ್ಟೆ ಎನ್ನಿ, ಸಂಕ ಎನ್ನಿ. ನಿಲ್ಲುವ ಕಡೆ ಒಂದು ಕಲ್ಲು ನೆಟ್ಟು, ವಾರಕ್ಕೊಮ್ಮೆ ಅದೇ ಎತ್ತರ, ಅದೇ ಲೆನ್ಸ್, ಫೋನು ಅಡ್ಡಕ್ಕೆ ಹಿಡಿದು ತೆಗೆಯಿರಿ. ಎತ್ತರಕ್ಕೆ ಗುರುತು ಬೇಕಿದ್ದರೆ ಅಂಗಿಯ ಎರಡನೇ ಗುಂಡಿ ಸಾಕು. ಬೇರೆ ಯಾವ ಚಿತ್ರ ಸಪ್ಪೆಯಾದರೂ ಈ ಹದಿನೆಂಟೋ ಇಪ್ಪತ್ತೋ ಚಿತ್ರಗಳ ಸಾಲು ಭೂಮಿ ಹುಣ್ಣಿಮೆಗೆ ನಿಮ್ಮ ಕೈಲಿರುತ್ತದೆ.

ಗಾಂಧಿಬಜಾರ್ ಗಲ್ಲಿ
ಹೊಸನಗರದವರ ಪಟ್ಟಿ ಚೆನ್ನಾಗಿದೆ, ಆದರೆ ಅದನ್ನು ಗಟ್ಟಿಯಾಗಿ ಹಿಡಿಯಬೇಡಿ ಅನ್ನುವುದು ನನ್ನ ಮಾತು. ಪುನರ್ವಸು ಬೆಂಕಿಯ ಪಾಳಿ ಅಂತ ಒಲೆ ಮುಂದೆ ಕೂತರೆ, ಬಾಗಿಲಾಚೆ ಮೋಡ ಸರಿದು ಅಡಿಕೆ ಸೋಗೆ ಎಲ್ಲ ಒಟ್ಟಿಗೆ ಹೊಳೆದದ್ದು ತಪ್ಪಿಹೋಗುತ್ತದೆ. ಪ್ರಶ್ನೆ ಕೇಳಿದವರು ಬರೆದದ್ದು ಆ ದಿನ ಹಿತ ಕೊಟ್ಟದ್ದನ್ನು ಹಿಡಿಯಬೇಕು ಅಂತ. ಅದಕ್ಕೆ ಕ್ರಮ ಬೇರೆ: ಹಿತ ಅನ್ನಿಸಿದ ಕ್ಷಣ ಮೊದಲು, ಫೋನು ಆಮೇಲೆ. ಮನಸ್ಸು ಅಲ್ಲಿ ಯಾಕೆ ನಿಂತಿತು ಅಂತ ಕೇಳಿಕೊಳ್ಳಿ. ಬಣ್ಣಕ್ಕೋ, ಆಕಾರಕ್ಕೋ, ಹಬೆಗೋ, ಯಾರದೋ ಭಂಗಿಗೋ? ಉತ್ತರ ಬಂದದ್ದನ್ನು ಮಾತ್ರ ಚೌಕಟ್ಟಿನಲ್ಲಿ ಉಳಿಸಿ, ಉಳಿದದ್ದನ್ನು ಹತ್ತಿರ ಹೋಗಿ ಹೊರಗೆ ಹಾಕಿ. ಕಾಫಿಯ ಹಬೆಗೆ ಮನಸ್ಸು ನಿಂತಿದ್ದರೆ ಮೇಜು, ಪೇಪರು, ಕಿಟಕಿ ಯಾವುದೂ ಬೇಡ, ಲೋಟದ ಅಂಚು ಮತ್ತು ಹಿಂದೆ ಕತ್ತಲೆ ಸಾಕು.

ಹತ್ತಿರ ಹೋಗುವುದು ಅಂದರೆ ಕಾಲಿನಲ್ಲಿ ಹೋಗುವುದು. ಬೆರಳು ಅಗಲಿಸಿ ಜೂಮ್ ಮಾಡಿದರೆ ಹೆಚ್ಚಿನ ಫೋನುಗಳಲ್ಲಿ ಅದು ಬರೀ ಕತ್ತರಿಸುವಿಕೆ. 2 ಪಟ್ಟಿನ ಗುಂಡಿ ಇದ್ದರೆ ಅದು ಸರಿ. ಮುಖಕ್ಕೆ, ಪಾತ್ರೆಗೆ 1 ಪಟ್ಟಿಗಿಂತ ಅದೇ ಒಳ್ಳೆಯದು, ಯಾಕೆಂದರೆ ತುಸು ದೂರ ನಿಂತು ತೆಗೆಯುವುದರಿಂದ ಮೂಗು ಉಬ್ಬುವುದಿಲ್ಲ, ಚೊಂಬು ಓರೆಯಾಗುವುದಿಲ್ಲ.

ಮತ್ತೆ, ದಿನದ ಚಿತ್ರವನ್ನು ದಿನದಿನವೂ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ. ನೋಡುವವರು ಜಲಪಾತವನ್ನೂ ಮಂಜನ್ನೂ ಮೆಚ್ಚುತ್ತಾರೆ, ಒದ್ದೆ ಚಪ್ಪಲಿ ಸಾಲನ್ನು ಮೆಚ್ಚುವುದಿಲ್ಲ. ಎರಡು ವಾರದಲ್ಲಿ ಕೈ ತಾನಾಗಿ ಮೆಚ್ಚುಗೆಯ ಕಡೆ ವಾಲುತ್ತದೆ, ಅಂಗಳ ಬಿಟ್ಟುಹೋಗುತ್ತದೆ. ಒಂದು ಮಳೆ ಮುಗಿದ ಮೇಲೆ ಹದಿನಾಲ್ಕನ್ನೂ ಒಟ್ಟಿಗೆ ತೋರಿಸಿ.

ಸೋನೆ ಹೊಸನಗರ
ಹೊಳೆದ ಸೋಗೆ ಬಿಟ್ಟು ಒಲೆ ಮುಂದೆ ಕೂರಿ ಎಂದು ನಾನೂ ಹೇಳುವುದಿಲ್ಲ. ಪಟ್ಟಿ ಇರುವುದು ಏನೂ ಕಾಣದ ದಿನಕ್ಕೆ. ಆರಿದ್ರಾ ಪುನರ್ವಸು ನಡುವೆ ಅಂಥ ದಿನಗಳು ಸಾಲಾಗಿ ಬರುತ್ತವೆ, ಆಗ ಎಲ್ಲಿ ನೋಡಬೇಕು ಎಂದು ಹೇಳುವವರು ಯಾರಾದರೂ ಬೇಕು. ಸ್ಟೇಟಸ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ.

ಅಂಗಳದ ತುಳಸಿ
ಎಲ್ಲರಿಗೂ ಕೃತಜ್ಞತೆ. ಎಚ್‌ಡಿಆರ್ ಆರಿಸಿದ ಕೂಡಲೆ ಮಳೆ ಗೆರೆ ಬಂತು. ಈಗ ಅಡುಗೆಮನೆಯ ತೊಡಕು. ಹೆಂಚಿನ ಮಾಡು, ಸೌದೆ ಒಲೆ, ಒಂದು ಎಲ್‌ಇಡಿ ಬಲ್ಬು. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿವೆ, ಹೊಗೆಯ ಬೆಳಕಿನ ಕೋಲು ಕಣ್ಣಿಗೆ ಕಂಡಷ್ಟು ಬರುತ್ತಿಲ್ಲ.

ಹೆಂಚಿನ ಮನೆ
ಪಟ್ಟಿಗೆ ಕಾರಣ ಕರೆಂಟು. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫೋನಿನ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಶಟರ್ 1/250 ಇದ್ದರೆ ಕೆಲವು ಸಾಲಿಗೆ ಬಲ್ಬು ಬೆಳಗಿದ ಹೊತ್ತು, ಕೆಲವಕ್ಕೆ ಮಂಕಾದ ಹೊತ್ತು ಸಿಗುತ್ತದೆ. 1/100 ಅಥವಾ 1/50 ಇಡಿ, ಪಟ್ಟಿ ಹೋಗುತ್ತದೆ. ಅದಕ್ಕಿಂತ ಒಳ್ಳೆಯದು ಬಲ್ಬನ್ನೇ ಆರಿಸುವುದು. ಒಲೆಯ ಬೆಳಕು ಕೆಂಪು, ಬಾಗಿಲ ಬೆಳಕು ನೀಲಿ, ಬಲ್ಬಿನದು ಹಸಿರು ಬೆರೆತ ಬಿಳಿ. ಮೂರೂ ಸೇರಿದರೆ ಮುಖದ ಬಣ್ಣ ಯಾವ ತಿದ್ದುಪಡಿಗೂ ಬಗ್ಗುವುದಿಲ್ಲ. ಎರಡು ಬಣ್ಣದ ಬೆಳಕಿಗೆ ನಿಲ್ಲಿಸಿ.

ಬೆಳಕಿನ ಕೋಲು ಬರುವುದು ಗಾಜಿನ ಹೆಂಚಿನಿಂದ, ಅದೂ ಹೊಳವು ಕೊಟ್ಟು ಬಿಸಿಲು ನೇರ ಬಿದ್ದಾಗ ಮಾತ್ರ. ಮೋಡವಿದ್ದರೆ ಕೋಲು ಇರುವುದೇ ಇಲ್ಲ, ಕಾಯುವುದು ವ್ಯರ್ಥ. ಬಿಸಿಲು ಬಂತೆಂದರೆ ನಿಲ್ಲುವ ಜಾಗ ಮುಖ್ಯ. ಬೆಳಕು ನಿಮ್ಮ ಬೆನ್ನಿನಿಂದ ಹೋಗುತ್ತಿದ್ದರೆ ಹೊಗೆ ಕಾಣದು. ಬೆಳಕಿಗೆ ಎದುರಾಗಿ ತುಸು ಓರೆಗೆ ನಿಂತು, ಕೋಲಿನ ಹಿಂದೆ ಮಸಿ ಹಿಡಿದ ಗೋಡೆ ಬರುವಂತೆ ನೋಡಿಕೊಳ್ಳಿ. ಗಾಜಿನ ಹೆಂಚು ಚೌಕಟ್ಟಿನ ಹೊರಗಿರಲಿ. ಬೆಳಗಿದ ಕೋಲಿನ ಮೇಲೇ ಬೆರಳೊತ್ತಿ ಹಿಡಿದು, ಬೆಳಕನ್ನು −1ರಿಂದ −1.3ಕ್ಕೆ ಇಳಿಸಿ. ಅಡುಗೆಮನೆ ಕತ್ತಲಾಗಿಯೇ ಉಳಿಯಲಿ, ಕತ್ತಲಿದ್ದರೇ ಕೋಲಿಗೆ ಬೆಲೆ. ಉರಿಯುವ ಬೆಂಕಿಗಿಂತ ಹಸಿ ಸೌದೆ ಇಟ್ಟ ಮೊದಲ ಐದು ನಿಮಿಷ ಹೊಗೆ ಜಾಸ್ತಿ. ಬಚ್ಚಲ ಒಲೆ ಹೊತ್ತಿಸಿದಾಗ ಹೆಂಚಿನ ಸಂದಿಗಳಿಂದ ಹೊರಬರುವ ಹೊಗೆಯನ್ನು ಅಂಗಳದಿಂದ ತೆಗೆಯುವುದಕ್ಕೂ ಇದೇ ನಿಯಮ, ಹಿಂದೆ ತೋಟದ ಕತ್ತಲು ಬರಬೇಕು.

ಒಂದು ಎಚ್ಚರಿಕೆ. ಹೊರಗಿನ ಚಳಿಯಿಂದ ಫೋನನ್ನು ನೇರ ಒಲೆಯ ಹತ್ತಿರ ಒಯ್ದರೆ ಗಾಜು ಮಬ್ಬಾಗುತ್ತದೆ. ಜಗಲಿಯಲ್ಲೇ ಜಿಪ್ ಕವರಿನೊಳಗೆ ಹಾಕಿ ಒಳಗೆ ತನ್ನಿ, ಹತ್ತು ಹದಿನೈದು ನಿಮಿಷ ಬಿಟ್ಟು ಫೋನು ಬೆಚ್ಚಗಾದ ಮೇಲೆ ಬಿಚ್ಚಿ. ಮಬ್ಬಾದ ಲೆನ್ಸನ್ನು ಸೆರಗಿನಲ್ಲೋ ಪಂಚೆ ತುದಿಯಲ್ಲೋ ಒರೆಸಿದರೆ ಎಣ್ಣೆ ಪಸೆ ಹರಡುತ್ತದೆ, ಆಮೇಲೆ ಪ್ರತಿ ದೀಪದ ಸುತ್ತ ಗೆರೆ ಹೊಡೆಯುತ್ತದೆ. ಕನ್ನಡಕ ಒರೆಸುವ ಬಟ್ಟೆ ಒಂದನ್ನು ಸಣ್ಣ ಡಬ್ಬಿಯಲ್ಲಿ ಒಣಗಿದಂತೆ ಇಟ್ಟುಕೊಳ್ಳಿ.

ಅಟ್ಟದ ಕ್ಯಾಮೆರಾ
ಈ ಚರ್ಚೆ ನೋಡಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 50 ಎಂಎಂ ಲೆನ್ಸ್ ಅಟ್ಟದಿಂದ ಕೆಳಗಿಳಿಸುವ ಮನಸ್ಸು. ಚರ್ಮದ ಚೀಲದಲ್ಲಿದೆ. ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಬಳಸಬಹುದೆ?

ಬೂಷ್ಟು ಬಿಡಿಸುವವ
ಅದು ಬೂಷ್ಟು. ಮೊದಲು ಆ ಲೆನ್ಸನ್ನು ಬೇರೆ ಲೆನ್ಸುಗಳಿಂದ ದೂರ ಇಡಿ. ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಏನೂ ಆಗದು, ಬಳಸಿ. ನಡುವೆ ಹತ್ತಿಯಂತೆ ಹರಡಿದ್ದರೆ ಚಿತ್ರ ಮಂಜಾಗುತ್ತದೆ, ಬಿಚ್ಚಿ ತೊಳೆಯುವವರಿಗೆ ಕೊಡಬೇಕು. ತಡ ಮಾಡಿದಷ್ಟೂ ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ, ಆಮೇಲೆ ತೊಳೆದರೂ ಗುರುತು ಹೋಗದು. ಬಿಸಿಲಿಗಿಟ್ಟರೆ ಬೆಳವಣಿಗೆ ನಿಧಾನವಾಗಬಹುದು, ಇರುವ ಬಲೆ ಮಾಯವಾಗುವುದಿಲ್ಲ.

ಚರ್ಮದ ಚೀಲವನ್ನು ಇವತ್ತೇ ಬಿಡಿ. ಚರ್ಮವೂ ದಪ್ಪ ಬಟ್ಟೆಯೂ ತೇವ ಹೀರಿ ಹಿಡಿದುಕೊಳ್ಳುತ್ತವೆ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಮಲೆನಾಡಿಗೆ ಬೇಕಾದ್ದು ಇಷ್ಟು: ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ 10ರಿಂದ 15 ಲೀಟರಿನ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್. ಜೆಲ್ಲನ್ನು ತೆಳು ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ತಳದಲ್ಲಿಡಿ, ಲೆನ್ಸಿಗೆ ತಾಗದಿರಲಿ. ಮೀಟರ್ 40ರಿಂದ 50 ಶೇಕಡಾ ತೋರಿಸಬೇಕು. 60 ದಾಟಿದರೆ ಜೆಲ್ ಒಣಗಿಸುವ ಹೊತ್ತು. 30ಕ್ಕಿಂತ ಇಳಿದರೆ ಅರ್ಧ ಜೆಲ್ ತೆಗೆಯಿರಿ, ರಬ್ಬರೂ ಗ್ರೀಸೂ ಒಣಗುತ್ತವೆ.

ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹಿಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಒಣಗಿಸಲು ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ. ಓವನ್ ಇಲ್ಲದಿದ್ದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈಯಾಡಿಸುತ್ತ, ಬಣ್ಣ ತಿರುಗುವವರೆಗೆ. ಉರಿ ಜಾಸ್ತಿಯಾದರೆ ಬಣ್ಣ ಸುಟ್ಟು ಕಂದಾಗುತ್ತದೆ, ಮತ್ತೆ ಯಾವ ಸೂಚನೆಯೂ ಸಿಗದು. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆಷಾಢ ಶ್ರಾವಣದಲ್ಲಿ ದಿನಾ ಡಬ್ಬಿ ತೆರೆಯುವವರಿಗೆ ಆಗಾಗ ಈ ಕೆಲಸ ಬೀಳುತ್ತದೆ.

ಅಕ್ಕಿ ಬೇಡ, ಅದರ ಹುಡಿ ಲೆನ್ಸಿನ ತಿರುಪಿಗೆ ಸೇರುತ್ತದೆ. ನುಸಿಗುಳಿಗೆ ಖಂಡಿತ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ಇನ್ನು ದಿನಾ ಬಳಸುವ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುವುದು ಕಡಿಮೆ. ಗಾಳಿ, ಬೆಳಕು ಆಡುತ್ತವೆ. ದಿನಕ್ಕೊಂದು ಫೋಟೊ ಎನ್ನುವುದು ಲೆನ್ಸಿಗೂ ಔಷಧಿ.

ಗೊರಬು
ಫೋನಿನವರಿಗೂ ಒಂದು ಮಾತು. ನೀರು ತಡೆಯುತ್ತೆ ಅಂತ ಬರೆದಿರೋದು ಹೊಸ ಫೋನಿಗೆ, ನಿಂತ ಸಿಹಿನೀರಿಗೆ. ಒಮ್ಮೆ ಬಿದ್ದು ಅಂಚು ಸಡಿಲಾದ ಫೋನನ್ನು ಮಳೆಗೆ ಹಿಡಿಯಬೇಡಿ. ಕೊಡೆ ಕೋಲನ್ನು ಕತ್ತು ಹೆಗಲ ನಡುವೆ ಸಿಕ್ಕಿಸಿ, ಎರಡೂ ಮೊಣಕೈ ಪಕ್ಕೆಗೆ ಒತ್ತಿ ತೆಗೆಯೋದು ಅಭ್ಯಾಸ ಮಾಡಿ. ಕೊಡೆ ಕಪ್ಪು ಬಣ್ಣದ್ದಿರಲಿ, ಕೆಂಪು ಕೊಡೆ ಹತ್ತಿರದ ವಸ್ತುವಿಗೆಲ್ಲ ಕೆಂಪು ಬಳಿಯತ್ತೆ. ಒದ್ದೆಯಾದರೆ ಚಾರ್ಜಿಗೆ ಹಾಕಬೇಡಿ. ಚಾರ್ಜರ್ ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ.

ಒದ್ದೆ ಎಲೆ ಕನ್ನಡಿ ಹಾಗೆ ಹೊಳೆದು ಹಸಿರು ಬರದಿದ್ದರೆ ಪೋಲರೈಸ್ಡ್ ತಂಪು ಕನ್ನಡಕದ ಗಾಜನ್ನು ಲೆನ್ಸಿನ ಮುಂದೆ ಹಿಡಿದು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಆರಿ ಎಲೆಯ ಬಣ್ಣ ಎದ್ದು ಬರತ್ತೆ. ಬೆಳಕು ಅರ್ಧಕ್ಕಿಂತ ಕಡಿಮೆ ಆಗತ್ತೆ, ಕೈ ಅಲುಗದ ಹಾಗೆ ನೋಡಿಕೊಳ್ಳಿ.

ಆಶ್ಲೇಷದ ಸಣ್ಣ ಜೀವಕ್ಕೆ ಹುಲ್ಲಲ್ಲಿ ಮಂಡಿ ಊರುವ ಮುಂಚೆ ಉಂಬಳದ, ಅಂದ್ರೆ ಜಿಗಣೆಯ, ನೆನಪಿರಲಿ ಮಾರಾಯ್ರೆ. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲುಚೀಲದ ಹೊರಗೆ ಬಳಿಯಿರಿ, ಚರ್ಮಕ್ಕೆ ಬೇಡ. ಅದೇ ಕೈಯಲ್ಲಿ ಕಪ್ಪೆ ಮುಟ್ಟಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡತ್ತೆ, ಸುಣ್ಣ ಉಪ್ಪು ಅದಕ್ಕೆ ಉರಿ. ಸುಮ್ಮನೆ ಕೈಯಲ್ಲೂ ಮುಟ್ಟೋದು ಬೇಡ, ಅದು ಕೂತಲ್ಲೇ ಚೆಂದ. ಸಣ್ಣದನ್ನು ಹತ್ತಿರದಿಂದ ತೆಗೆಯಲು ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಗಾಜಿನ ಶಕ್ತಿ +10 ಡಯಾಪ್ಟರ್ ಆದರೆ ವಸ್ತುವಿನಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಫೋಕಸ್ ಸಿಗತ್ತೆ. ಅಲ್ಲಿಂದ ಫೋಕಸ್ ಮುಟ್ಟಬೇಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಐದಾರು ತೆಗೆದು ಒಂದು ಉಳಿಸಿ. ಗಾಳಿಗೆ ಆಡುವ ಕಡ್ಡಿಗೆ ಬಟ್ಟೆ ಕ್ಲಿಪ್ ಕಟ್ಟಿದ ಕೋಲು ನೆಟ್ಟರೆ ನಿಲ್ಲತ್ತೆ.

ಸಾಗರ ಸೀಮೆ
ಮನುಷ್ಯರ ವಿಷಯ ಯಾರೂ ಎತ್ತಲಿಲ್ಲ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಮರದ ತುದಿಯಲ್ಲಿರುವಾಗ ಕೆಳಗಿನಿಂದ ಕೂಗಿ ಇತ್ತ ನೋಡಿ ಎನ್ನಬೇಡಿ. ಒಂದು ಮರದಿಂದ ಇನ್ನೊಂದಕ್ಕೆ ದಾಟುವವರ ಗಮನ ಕದಲಿದರೆ ಜೀವಕ್ಕೆ ಅಪಾಯ. ಮರ ಏರುವ ಮುಂಚೆ ಕೇಳಿ, ಇಳಿದ ಮೇಲೆ ತೋರಿಸಿ. ಚಿತ್ರದ ದೃಷ್ಟಿಯಿಂದಲೂ ನೇರ ಕೆಳಗಿನಿಂದ ತೆಗೆದರೆ ಬಿಳಿ ಆಕಾಶದಲ್ಲಿ ಕರಿ ಚುಕ್ಕೆ. ತೋಟದ ಪಕ್ಕದ ದರೆ, ಅಂದರೆ ಮಣ್ಣಿನ ದಿಬ್ಬ, ಏರಿ, ಹಿಂದೆ ಬೇರೆ ಮರಗಳ ಸೋಗೆ ಬರುವಂತೆ ನಿಂತರೆ ಮುಖವೂ ಕೈಯೂ ಕಾಣುತ್ತವೆ. ಗೊನೆ ಹಗ್ಗದಲ್ಲಿ ಇಳಿಯುವ ದಾರಿಗೆ ಅಡ್ಡ ನಿಲ್ಲಬೇಡಿ.

ಸಾಗರ, ಸೊರಬ ಕಡೆ ದೀವರು ಸಮುದಾಯದ ಮನೆಗೋಡೆಗಳ ಹಸೆ ಚಿತ್ತಾರದ ಫೋಟೊ ತೆಗೆಯುವವರು ಫೋನನ್ನು ಗೋಡೆಗೆ ಸಮಾನಾಂತರ ಹಿಡಿಯಿರಿ. ಗ್ರಿಡ್ ಹಾಕಿಕೊಂಡು ಚಿತ್ತಾರದ ಚೌಕದ ಗೆರೆಯನ್ನು ಗ್ರಿಡ್ಡಿನ ಗೆರೆಗೆ ಕೂಡಿಸಿ. ಅಗಲ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಆ ಹೆಂಗಸರು ಅಷ್ಟು ನೇರ ಎಳೆದ ಗೆರೆ ಬಾಗುತ್ತದೆ, ಅದು ಅವರ ಕೈಗೆ ಮಾಡುವ ಅನ್ಯಾಯ. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗೆ ಮಾತ್ರ ಪಕ್ಕದ ಬೆಳಕು ಬೇಕು, ಹೆಣಿಗೆಯ ಏರಿಳಿತ ಕಾಣಲಿ.

ಗರ್ಭಗುಡಿ, ಅಣೆಕಟ್ಟು, ವಿದ್ಯುದಾಗಾರಗಳ ಹತ್ತಿರ ಅನುಮತಿ ಕೇಳದೆ ಫೋನು ಎತ್ತಬೇಡಿ. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗಳಿಗೆ ಉದ್ದ ಲೆನ್ಸ್ ಬೇಕು. ಫೋನಿನವರು ಅಲ್ಲಿ ಸುಮ್ಮನೆ ನೋಡಿ ಬರುವುದು ಒಳ್ಳೆಯದು.

ಅಂಗಳದ ತುಳಸಿ
ಕೊನೆಯದಾಗಿ ಎರಡು. ಚಿತ್ರಗಳನ್ನು ಜೋಡಿಸಿ ಇಡುವುದು ಹೇಗೆ? ಒಂದು ದಿನ ತಪ್ಪಿದರೆ ಏನು ಮಾಡಬೇಕು?

ಗಾಂಧಿಬಜಾರ್ ಗಲ್ಲಿ
ತಪ್ಪಿದ ದಿನಕ್ಕೆ ಮರುದಿನ ಎರಡು ತೆಗೆಯಬೇಡಿ. ಸಾಲ ತೀರಿಸುವ ಕೆಲಸ ಆಗುತ್ತದೆ. ಖಾಲಿ ಬಿಡಿ. ಆದರೆ ಪುಸ್ತಕದಲ್ಲಿ ಆ ತಾರೀಖಿನ ಮುಂದೆ ಒಂದು ಸಾಲು ಬರೆಯಿರಿ, ಚಿತ್ರ ಇಲ್ಲದಿದ್ದರೂ ಅವತ್ತು ಹಿತವಾದದ್ದು ಏನು ಅಂತ. ಚಿತ್ರ ಇರುವ ದಿನವೂ ಆ ಸಾಲು ಬೇಕು, ಮತ್ತು ಅದು ಚಿತ್ರದಲ್ಲಿ ಕಾಣದ್ದನ್ನು ಹೇಳಬೇಕು. ಸಂಕದ ಚಿತ್ರದ ಕೆಳಗೆ ಸಂಕ ಅಂತ ಬರೆದರೆ ಏನು ಬಂತು? ಹಳ್ಳದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಕೇದಗೆಯ ಪರಿಮಳ ಬರುತ್ತಿತ್ತು, ಈ ಥರ. ಹತ್ತು ಪದ ಸಾಕು.

ತುಂಗೆಯ ದಂಡೆ
ಜೋಡಿಸುವುದಕ್ಕೆ ಹೆಸರಿನ ಕ್ರಮ ಮೊದಲು: ವರ್ಷ, ತಿಂಗಳು, ದಿನ, ಎಲ್ಲ ಅಂಕಿಯಲ್ಲಿ, 2025-07-06 ಎಂಬಂತೆ. ಈ ಕ್ರಮದಲ್ಲಿದ್ದರೆ ಯಾವ ಕಂಪ್ಯೂಟರಿನಲ್ಲೂ ತಾನಾಗಿ ಸಾಲಾಗುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 1ನೇ ತಾರೀಖು ಒಟ್ಟಿಗೆ ಸೇರಿಬಿಡುತ್ತವೆ. ಆರಿಸುವ ಕೆಲಸ ಅದೇ ರಾತ್ರಿ ಆಗಲಿ, ಒಂದನ್ನು ಉಳಿಸಿ ಉಳಿದದ್ದು ಅಳಿಸಿ. ವಾರಕ್ಕೆ ಬಿಟ್ಟರೆ ನೂರು ಚಿತ್ರ ಸೇರುತ್ತವೆ, ಆರಿಸುವುದು ಶಿಕ್ಷೆಯಾಗುತ್ತದೆ.

ಒಂದು ಜೆಪೆಗ್ ಚಿತ್ರ ಸುಮಾರು 4 ಎಂಬಿ ಎಂದರೆ ವರ್ಷಪೂರ್ತಿ ತೆಗೆದರೂ ಒಂದೂವರೆ ಜಿಬಿ. ಜಾಗದ ಚಿಂತೆ ಇಲ್ಲ. ಫೋನಿನಲ್ಲೊಂದು, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲೊಂದು, ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡಿನಲ್ಲೋ ಇನ್ನೊಂದು ಪ್ರತಿ. ಸಿಡಿಲಿಗೆ ಮನೆಯ ಯಂತ್ರಗಳೆಲ್ಲ ಒಟ್ಟಿಗೆ ಹೋಗುವ ಊರುಗಳು ನಮ್ಮವು. ಹಾರ್ಡ್‌ಡಿಸ್ಕನ್ನು ಪ್ಲಗ್ಗಿನಲ್ಲಿ ಬಿಟ್ಟು ಮಲಗಬೇಡಿ.

ಪ್ರಿಂಟಿಗೆ ಕಳಿಸುವಾಗ ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. 4×6 ಇಂಚಿನ ಒಳ್ಳೆಯ ಪ್ರಿಂಟಿಗೆ 1200×1800 ಪಿಕ್ಸೆಲ್ ಬೇಕು. ಸ್ಟುಡಿಯೊದವರಿಗೆ ಬಣ್ಣ ತಿದ್ದಬೇಡಿ ಎಂದು ಹೇಳಿ. ಇಲ್ಲದಿದ್ದರೆ ಯಂತ್ರ ಮಂಜನ್ನೆಲ್ಲ ತೆಗೆದು ಗಾಢ ಮಾಡಿ ಕೊಡುತ್ತದೆ. ಮ್ಯಾಟ್ ಕಾಗದ ಕೇಳಿ, ಹೊಳಪಿನ ಕಾಗದ ನಮ್ಮ ತೇವಕ್ಕೆ ಒಂದಕ್ಕೊಂದು ಅಂಟುತ್ತದೆ.

ಬಣ್ಣದ ವಿಷಯದಲ್ಲಿ ಮೊದಲೇ ಹೇಳಬೇಕಿದ್ದ ಒಂದು ಮಾತು. ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಒಂದು ದಿನ ನೀಲಿ, ಒಂದು ದಿನ ಹಳದಿ, ಹದಿನಾಲ್ಕು ಚಿತ್ರ ಪಕ್ಕ ಪಕ್ಕ ಇಟ್ಟಾಗ ಒಂದೇ ಮಳೆಯವು ಅನ್ನಿಸುವುದಿಲ್ಲ. ಪ್ರೊ ಮೋಡಿನಲ್ಲಿ 5500 ಕೆಲ್ವಿನ್‌ಗೆ ಕಟ್ಟಿಬಿಡಿ. ಅಡಿಕೆ ತೋಟದೊಳಗೆ ಸೋಗೆಯ ಹಸಿರು ಮುಖಕ್ಕೆ ಹತ್ತುತ್ತದೆ, ಅದಕ್ಕೆ ತಿದ್ದುವಾಗ ಟಿಂಟನ್ನು ನೇರಳೆ ಕಡೆಗೆ 5ರಿಂದ 10 ಸರಿಸಿದರೆ ಸಾಕು.

ಹೆಂಚಿನ ಮನೆ
ಬೆಳಕಿನ ಹೊತ್ತು ಯಾರೂ ಬರೆಯಲಿಲ್ಲ, ಸೇರಿಸುತ್ತೇನೆ. ಜೂನ್ ಕೊನೆಗೆ ಶಿವಮೊಗ್ಗದಲ್ಲಿ ಸೂರ್ಯ ಹುಟ್ಟುವುದು 6 ಗಂಟೆ ಹೊತ್ತಿಗೆ, ಮುಳುಗುವುದು 7ರ ಹೊತ್ತಿಗೆ. ಮಳೆ ಮೋಡದಲ್ಲಿ ಬೆಳಿಗ್ಗೆ 7ಕ್ಕೆ ಮೊದಲು ಸಂಜೆ 6ರ ನಂತರ ಮನೆಯೊಳಗೆ ಫೋನಿಗೆ ಬೆಳಕು ಸಾಲದು. ಒಳಗಿನ ಚಿತ್ರಗಳನ್ನು 10ರಿಂದ 3ರೊಳಗೆ ಇಟ್ಟುಕೊಳ್ಳಿ. ಆಗಸ್ಟ್ ಮಧ್ಯದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಹಾಯುತ್ತಾನೆ. ಆ ಒಂದೆರಡು ದಿನ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಹೊಳವಾದರೆ ಅಂಗಳಕ್ಕೆ ಓಡಿ: ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ.

ಅಂಗಳದ ತುಳಸಿ
ಕಂಬ ಇದೆ. ಆ ವಾರಕ್ಕೆ ಪಂಚಾಂಗದಲ್ಲಿ ಗುರುತು ಹಾಕಿಟ್ಟಾಯಿತು. ಇವತ್ತಿನದು ಜಗಲಿ ಅಂಚಿನ ತಾಮ್ರದ ಚೊಂಬು, −0.7, ಪಕ್ಕದ ಬೆಳಕು. ಸಾಲು: ಮಾಡಿನ ನೀರು ಚೊಂಬಿಗೆ ಬಿದ್ದು, ತುಂಬುತ್ತ ತುಂಬುತ್ತ ಸದ್ದು ಬದಲಾಯಿತು.